ಎರಡು ಚಾಪೆಯ ಅಳತೆ: ಸೆನ್ ನೊ ರಿಕ್ಯೂನ ಬದುಕು ಮತ್ತು ಚಹಾಕೋಣೆಯ ವಾಸ್ತು

ಕನ್ನಡದ ತೌಲನಿಕ ಅಧ್ಯಯನಗಳಿಗೆ ಜಪಾನ್ ಪರಿಚಯವಾದದ್ದು ಮುಖ್ಯವಾಗಿ ಎರಡು ದಾರಿಗಳಿಂದ. ಒಂದು ಹೈಕು, ಇನ್ನೊಂದು ಝೆನ್ ಕಥೆಗಳು. ಅಲ್ಲಮನ ಬೆಡಗಿನ ವಚನಗಳನ್ನೂ ಝೆನ್ ಗುರುಗಳ ಒಗಟಿನಂತಹ ಉತ್ತರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವ ಕ್ರಮ ನಮ್ಮಲ್ಲಿ ಬಳಕೆಯಲ್ಲಿದೆ. ಆದರೆ ಈ ಹೋಲಿಕೆಗಳು ಬಹುಮಟ್ಟಿಗೆ ಮಾತಿನ ಲೋಕಕ್ಕೆ ಸೀಮಿತವಾಗಿವೆ. ಗೋಡೆ, ಬಾಗಿಲು, ಒಲೆ, ಬಟ್ಟಲು ಮುಂತಾದ ವಸ್ತುಗಳ ಮೂಲಕ ಒಂದು ಕಾಲ ತನ್ನ ವಿಚಾರವನ್ನು ಹೇಗೆ ನುಡಿಯಿತು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಹದಿನಾರನೆಯ ಶತಮಾನದ ಜಪಾನಿನಲ್ಲಿ ಎರಡು ಚಾಪೆಯಷ್ಟೇ ಅಗಲದ ಚಹಾಕೋಣೆಯನ್ನು ರೂಪಿಸಿದ, ಆ ದೇಶದ ಅತ್ಯಂತ ಬಲಶಾಲಿ ದೊರೆಯ ಆಜ್ಞೆಯಂತೆ ಪ್ರಾಣತ್ಯಾಗ ಮಾಡಬೇಕಾಗಿ ಬಂದ ಸೆನ್ ನೊ ರಿಕ್ಯೂನ ಬದುಕು ಈ ಪ್ರಶ್ನೆಗೆ ಬಹಳ ಒದಗಿಬರುತ್ತದೆ.

ಈ ಕೋಣೆಯನ್ನು ಕುರಿತು ಒಂದು ಜನಪ್ರಿಯ ಕಥನವಿದೆ. ಅದರ ಪ್ರಕಾರ ಚಹಾಕೋಣೆ ಸಮಾನತೆಯ ತಾಣ, ಪ್ರಭುತ್ವವನ್ನು ನಿರಾಕರಿಸಿದ ಬಡ ಗುಡಿಸಲು. 1906ರಲ್ಲಿ ಒಕಾಕುರ ಕಕುಝೊ ಇಂಗ್ಲಿಷಿನಲ್ಲಿ ಪ್ರಕಟಿಸಿದ ಚಹಾ ಕುರಿತ ಕಿರುಪುಸ್ತಕ ಈ ಕಥನವನ್ನು ಜಗತ್ತಿನಾದ್ಯಂತ ಹರಡಿತು. ಈ ಒಕಾಕುರನೇ ಅದಕ್ಕೂ ಕೆಲವು ವರ್ಷ ಮುಂಚೆ ಕಲಕತ್ತೆಗೆ ಬಂದು ಟಾಗೋರರ ಬಳಗದೊಡನೆ ಒಡನಾಡಿದ್ದ. ಆತನ ಪುಸ್ತಕ ರಿಕ್ಯೂನ ಕೊನೆಯ ಚಹಾಕೂಟದೊಂದಿಗೆ ಮುಗಿಯುತ್ತದೆ. ನಮ್ಮಲ್ಲಿಯೂ ಚಹಾಕೋಣೆಯನ್ನು ಅನುಭವ ಮಂಟಪದೊಂದಿಗೆ ಸಮೀಕರಿಸುವ ಆಸೆ ಮೂಡುವುದು ಸಹಜ. ಆ ಆಸೆಯನ್ನು ತುಸು ತಡೆಹಿಡಿದು, ರಿಕ್ಯೂನ ಬದುಕನ್ನೂ ಆತ ಕಟ್ಟಿದ ಗೋಡೆಗಳನ್ನೂ ಒಟ್ಟಿಗೆ ಓದುವುದು ಪ್ರಸ್ತುತ ಲೇಖನದ ಉದ್ದೇಶ. ಓದಿಗೆ ನೆರವಾಗಲೆಂದು ಮಧ್ಯ ಕರ್ನಾಟಕದ, ಅದರಲ್ಲೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಕೆಲವು ಕಟ್ಟೋಣಗಳನ್ನು ಅಲ್ಲಲ್ಲಿ ನೆನೆಯಲಾಗಿದೆ.

ಮೊದಲಿಗೆ ಆಕರಗಳ ವಿಚಾರ. ರಿಕ್ಯೂ ತನ್ನ ಕಲೆಯ ಬಗ್ಗೆ ಯಾವ ಗ್ರಂಥವನ್ನೂ ಬರೆಯಲಿಲ್ಲ. ಆತನ ಉಪದೇಶಗಳೆಂದು ಪ್ರಸಿದ್ಧವಾದ ನಂಪೊರೊಕು ಎಂಬ ಸಂಕಲನ ಬೆಳಕಿಗೆ ಬಂದದ್ದು ಆತ ಸತ್ತು ಸುಮಾರು ನೂರು ವರ್ಷಗಳ ಬಳಿಕ, ತಚಿಬಾನ ಜಿತ್ಸುಝಾನ್ ಎಂಬ ಸಮುರಾಯಿಯ ಮೂಲಕ. ಅದರ ಬಹುಭಾಗ ಆ ಮುಂದಿನ ಕಾಲದ ರಚನೆಯೆಂದೇ ಜಪಾನಿನ ವಿದ್ವಾಂಸರು ಭಾವಿಸುತ್ತಾರೆ. ಹನ್ನೆರಡನೆಯ ಶತಮಾನದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಸಂವಾದದ ಚೌಕಟ್ಟಿಗೆ ಹೊಂದಿಸಿದ ಶೂನ್ಯಸಂಪಾದನೆಗಳನ್ನು ಓದಿದವರಿಗೆ ಈ ಸಮಸ್ಯೆ ಹೊಸದಲ್ಲ. ನಾವು ಬಲ್ಲ ಅಲ್ಲಮ ಎಷ್ಟರಮಟ್ಟಿಗೆ ಸಂಪಾದನಕಾರರ ಅಲ್ಲಮನೋ, ಭಕ್ತರು ಬಲ್ಲ ರಿಕ್ಯೂ ಅಷ್ಟರಮಟ್ಟಿಗೆ ಜಿತ್ಸುಝಾನನ ರಿಕ್ಯೂ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ರಿಕ್ಯೂ ಬರೆದ ನೂರಾರು ಪತ್ರಗಳು, ಸಮಕಾಲೀನ ವರ್ತಕರು ದಿನಾಂಕ ಸಹಿತ ಬರೆದಿಟ್ಟ ಚಹಾಕೂಟಗಳ ದಿನಚರಿಗಳು, ಶಿಷ್ಯ ಯಮನೊಉಎ ಸೊಜಿ 1588ರ ವೇಳೆಗೆ ಬರೆದ ದಾಖಲೆ, ಇವೆಲ್ಲ ಉಳಿದುಬಂದಿವೆ. ಐತಿಹ್ಯವನ್ನು ದಾಖಲೆಯ ಎದುರಿಗೆ ಹಿಡಿದು ನೋಡುವ ಅವಕಾಶ ಅಲ್ಲಿ ಹೆಚ್ಚು.

ರಿಕ್ಯೂ ಹುಟ್ಟಿದ್ದು 1522ರಲ್ಲಿ, ಇಂದಿನ ಒಸಾಕಕ್ಕೆ ಹತ್ತಿರದ ಸಕಾಯಿ ಎಂಬ ಬಂದರು ಪಟ್ಟಣದಲ್ಲಿ. ಬಾಲ್ಯದ ಹೆಸರು ಯೊಶಿರೊ, ಮನೆತನ ತನಕ. ತಂದೆ ಮೀನಿನ ಸಗಟು ವ್ಯಾಪಾರಿ, ಉಗ್ರಾಣಗಳ ಒಡೆಯ. ಸಕಾಯಿ ಆ ಕಾಲದ ಜಪಾನಿನಲ್ಲಿ ಅಪರೂಪದ ಪಟ್ಟಣ. ಸಾಮಂತರ ಕಾಳಗಗಳಿಂದ ದೇಶ ತತ್ತರಿಸುತ್ತಿದ್ದಾಗ ಅಲ್ಲಿ ಶ್ರೀಮಂತ ವರ್ತಕರ ಮಂಡಳಿಯೇ ಆಡಳಿತ ನಡೆಸುತ್ತಿತ್ತು. ಆ ಪಟ್ಟಣವನ್ನು ಕಂಡ ಜೆಸ್ಯೂಟ್ ಪಾದ್ರಿ ಗಾಸ್ಪರ್ ವಿಲೇಲ ಅದನ್ನು ವೆನಿಸ್‌ಗೆ ಹೋಲಿಸಿದ್ದಾನೆ. ವಾಬಿ ಎಂದು ಹೆಸರಾದ ಸರಳ, ಬಡತನದ ಸೌಂದರ್ಯದ ಚಹಾಪದ್ಧತಿ ಹದಗೊಂಡದ್ದು ಕಾಡಿನ ವಿರಕ್ತರ ನಡುವೆಯಲ್ಲ, ಇಂಥ ಧನಿಕ ವರ್ತಕರ ಹಿತ್ತಲಿನಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಆತನಿಗೂ ಮುಂಚಿನ ಪರಂಪರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. 1191ರಲ್ಲಿ ಐಸಾಯಿ ಎಂಬ ಭಿಕ್ಷು ಚೀನಾದಿಂದ ಹಿಂತಿರುಗಿದ ಮೇಲೆ ಪುಡಿಚಹಾ ಕುಡಿಯುವ ರೂಢಿ ಝೆನ್ ಮಠಗಳಲ್ಲಿ ಬೇರೂರಿತು. ಮುಂದೆ ಅರಸರ, ಸಾಮಂತರ ಹಜಾರಗಳಲ್ಲಿ ಅದು ಚೀನೀ ಪಾತ್ರೆಗಳ ಪ್ರದರ್ಶನವಾಯಿತು. ಚಹಾವನ್ನು ಪರಿಚಾರಕರು ಬೇರೆಡೆ ಕದಡಿ, ಹಜಾರಕ್ಕೆ ತಂದು ಕೊಡುತ್ತಿದ್ದರು. 1486ರಲ್ಲಿ ಅಶಿಕಾಗ ಯೊಶಿಮಸ ಕ್ಯೋಟೋದ ತನ್ನ ವಿಹಾರದಲ್ಲಿ ಕಟ್ಟಿಸಿದ ದೊಜಿನ್‌ಸಾಯಿ ನಾಲ್ಕೂವರೆ ಚಾಪೆಯ ಕೋಣೆ. ಮುಂದಿನ ಚಹಾಕೋಣೆಗಳಿಗೆ ಇದೇ ಮೂಲಮಾನವೆಂದು ಹೇಳುವುದುಂಟು. ಅದೇ ಕಾಲದ ಮುರಾತ ಜುಕೊ ಈ ಅಳತೆಯನ್ನು ಚಹಾಕ್ಕೆ ಒಗ್ಗಿಸಿದವನು. ಜುಕೊ ತನ್ನ ಶಿಷ್ಯನಿಗೆ ಬರೆದ ಪತ್ರವೊಂದರಲ್ಲಿ ಚೀನೀ ವಸ್ತು ಮತ್ತು ಜಪಾನೀ ವಸ್ತುಗಳ ನಡುವಣ ಗೆರೆಯನ್ನು ಅಳಿಸಬೇಕೆಂಬ ಆಶಯವಿದೆ. ಕವಿರಾಜಮಾರ್ಗದಿಂದೀಚೆಗೆ ಮಾರ್ಗ–ದೇಸಿಗಳ ಚರ್ಚೆಯಲ್ಲಿ ಬೆಳೆದ ನಮಗೆ ಈ ಆಶಯದ ತೂಕ ತಿಳಿಯುತ್ತದೆ. ರಿಕ್ಯೂನ ಗುರು ತಕೆನೊ ಜೊಒ ಸಕಾಯಿಯ ತೊಗಲು ವ್ಯಾಪಾರಿ. ರಾಜಾಸ್ಥಾನದ ವಿದ್ವಾಂಸರೊಬ್ಬರಲ್ಲಿ ಕಾವ್ಯಶಾಸ್ತ್ರವನ್ನು ಕಲಿತವನು. ಹೇಳದೆ ಬಿಟ್ಟದ್ದೇ ಹೆಚ್ಚು ಹೇಳುತ್ತದೆ ಎಂಬ ಕಾವ್ಯದ ತತ್ವ ಗೋಡೆಗೂ ಬಟ್ಟಲಿಗೂ ಇಳಿದದ್ದು ಇವನ ಮೂಲಕವೇ. ಇದು ಧ್ವನಿಸಿದ್ಧಾಂತ ವಾಸ್ತುವಾದ ಬಗೆ ಎಂದರೆ ಅತಿಶಯವಾಗದು.

ಹತ್ತೊಂಬತ್ತರ ಸುಮಾರಿನಲ್ಲಿ ಯೊಶಿರೊ ಜೊಒನ ಶಿಷ್ಯನಾದ. ಝೆನ್ ಅಭ್ಯಾಸದ ಜತೆಗೆ ಸೊಎಕಿ ಎಂಬ ಹೆಸರು ಬಂತು. ಬದುಕಿನ ಬಹುಕಾಲ ಆತ ಈ ಹೆಸರಿನಿಂದಲೇ ಪರಿಚಿತ. ಮುಂದಿನ ಎರಡು-ಮೂರು ದಶಕಗಳ ಕಾಲ ಆತ ಸಕಾಯಿಯ ಅನೇಕ ಚಹಾನಿಪುಣ ವರ್ತಕರಲ್ಲಿ ಒಬ್ಬನಾಗಿದ್ದ ಎನ್ನುವುದನ್ನು ಬಿಟ್ಟರೆ ವಿಶೇಷವಾಗಿ ಹೇಳಬೇಕಾದದ್ದಿಲ್ಲ. ಕಥೆ ತಿರುವು ಪಡೆಯುವುದು 1568ರಲ್ಲಿ. ದೇಶವನ್ನು ಒಗ್ಗೂಡಿಸಲು ಹೊರಟ ಒದ ನೊಬುನಾಗ ಸಕಾಯಿಯಿಂದ ಇಪ್ಪತ್ತು ಸಾವಿರ ಕಾನ್‌ಗಳಷ್ಟು ಭಾರಿ ಕಪ್ಪವನ್ನು ಕೇಳಿದ. ಮೊದಲು ಸೆಟೆದು ನಿಂತ ಪಟ್ಟಣ ಕೊನೆಗೆ ಮಣಿಯಿತು. ಪಟ್ಟಣದ ಮೂವರು ಚಹಾನಿಪುಣರು ನೊಬುನಾಗನ ಸೇವೆಗೆ ನಿಂತರು. ಸೊಎಕಿ ಅವರಲ್ಲಿ ಒಬ್ಬ. ಈ ಸೇವೆ ಚಹಾಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. 1575ರ ಎಚಿಝೆನ್ ದಂಡಯಾತ್ರೆಗೆ ಒಂದು ಸಾವಿರ ಬಂದೂಕಿನ ಗುಂಡುಗಳನ್ನು ಕಳಿಸಿಕೊಟ್ಟದ್ದಕ್ಕಾಗಿ ನೊಬುನಾಗ ಆತನಿಗೆ ಬರೆದ ಮೆಚ್ಚುಗೆಯ ಪತ್ರ ಉಳಿದಿದೆ. ಮೌನದ ಕೋಣೆಯನ್ನು ಕಟ್ಟಿದ ಕೈಯೇ ಗುಂಡುಗಳನ್ನೂ ಸಾಗಿಸಿತು. ರಿಕ್ಯೂನನ್ನು ಸಂತನಾಗಿಸುವ ಚರಿತ್ರೆಗಳು ಈ ಪತ್ರವನ್ನು ಸಾಮಾನ್ಯವಾಗಿ ಬದಿಗಿಡುತ್ತವೆ.

1582ರಲ್ಲಿ ನೊಬುನಾಗ ತನ್ನದೇ ಸೇನಾನಿಯ ದ್ರೋಹಕ್ಕೆ ಬಲಿಯಾದ. ಯಮಝಾಕಿಯ ಕದನದಲ್ಲಿ ಆ ದ್ರೋಹಿಯನ್ನು ಸೋಲಿಸಿ ಅಧಿಕಾರದ ಕಡೆಗೆ ನಡೆದವನು ಹಿದೆಯೊಶಿ, ಕಾಲಾಳಿನ ಮಗನೆನ್ನಲಾದ, ಕುಲದ ಬಲವಿಲ್ಲದೆ ಮೇಲೇರಿದ ಯೋಧ. ಆತ ಯಮಝಾಕಿಯಲ್ಲಿ ನೆಲೆಸಿದ್ದ ದಿನಗಳಲ್ಲಿ ಸೊಎಕಿ ಅಲ್ಲಿ ಕಟ್ಟಿದ್ದೆಂದು ನಂಬಲಾದ ತಾಯಿಆನ್ ಎಂಬ ಕೋಣೆ ಇಂದಿಗೂ ಮ್ಯೋಕಿಆನ್ ಎಂಬ ಸಣ್ಣ ದೇವಾಲಯದಲ್ಲಿ ಉಳಿದಿದೆ. ರಿಕ್ಯೂನದೆಂದು ಹೇಳಬಹುದಾದ, ಉಳಿದುಬಂದ ಒಂದೇ ಕೋಣೆ ಇದು. ಜಪಾನ್ ಸರ್ಕಾರ ಇದನ್ನು 1951ರಲ್ಲಿ ರಾಷ್ಟ್ರೀಯ ನಿಧಿಯೆಂದು ಘೋಷಿಸಿದೆ.

ತಾಯಿಆನ್‌ನಲ್ಲಿ ಅತಿಥಿಗೂ ಆತಿಥೇಯನಿಗೂ ಸೇರಿ ಇರುವುದು ಎರಡೇ ಚಾಪೆ. ಸುಮಾರು ಆರೂಕಾಲು ಅಡಿ ಉದ್ದ, ಅಷ್ಟೇ ಅಗಲ. ಪಕ್ಕದಲ್ಲಿ ಒಂದು ಚಾಪೆಯ ಉಪಕೋಣೆ, ಹಿಂದೆ ಪಾತ್ರೆಪರಡಿ ಸಜ್ಜುಗೊಳಿಸಲು ಇನ್ನೊಂದು. ಮೂಲೆಯೊಂದರಲ್ಲಿ ನೆಲವನ್ನು ಕುಳಿಯಾಗಿಸಿ ಮಾಡಿದ ಒಲೆ. ಚಾವಣಿ ಒಂದೇ ಸಮನಾಗಿಲ್ಲ. ಮೂರು ಭಾಗವಾಗಿದ್ದು ಒಂದು ಭಾಗ ಇಳಿಜಾರಾಗಿದೆ. ಇಷ್ಟು ಚಿಕ್ಕ ಜಾಗ ಉಸಿರುಕಟ್ಟಿಸದಿರುವುದು ಈ ಏರಿಳಿತದಿಂದ. ಎದುರಿನ ಗೋಡೆಯಲ್ಲಿ ತೊಕೊನೊಮ ಎಂಬ ಗೂಡು, ಲಿಪಿಪಟ ಅಥವಾ ಹೂವು ಇಡುವ ಜಾಗ. ಸಾಮಾನ್ಯವಾಗಿ ಆ ಗೂಡಿನ ಮೂಲೆಗಳಲ್ಲಿ ಕಂಬಗಳು ಎದ್ದು ಕಾಣುತ್ತವೆ. ರಿಕ್ಯೂ ಅವನ್ನು ಮಣ್ಣಿನಿಂದ ಮೆತ್ತಿ, ಮೂಲೆಗಳನ್ನು ದುಂಡಾಗಿಸಿ, ಗೂಡಿನ ಮೇಲ್ಭಾಗವನ್ನೂ ಮಣ್ಣಿನಿಂದಲೇ ಮುಗಿಸಿದ. ಗೆರೆಗಳು ಅಳಿಸಿಹೋದ್ದರಿಂದ ಗೂಡು ಎಲ್ಲಿ ಮುಗಿಯುತ್ತದೆ ಎಂಬುದು ಮಬ್ಬು ಬೆಳಕಿನಲ್ಲಿ ಕಣ್ಣಿಗೆ ತಿಳಿಯುವುದಿಲ್ಲ. ಸಣ್ಣದನ್ನು ಆಳವಾಗಿಸುವ ಉಪಾಯವಿದು.

ಗೋಡೆಗಳು ಬಿದಿರಿನ ತಡಿಕೆಗೆ ಮಣ್ಣು ಮೆತ್ತಿದವು. ಕಿಟಕಿ ಬೇಕಾದ ಕಡೆ ಮಣ್ಣು ಮೆತ್ತದೆ ತಡಿಕೆಯನ್ನು ಹಾಗೆಯೇ ಬಿಡಲಾಗಿದೆ. ಕಿಟಕಿ ಎಂದರೆ ಪೂರ್ತಿಯಾಗದ ಗೋಡೆ. ಮಣ್ಣಿಗೆ ಬೆರೆಸಿದ ಹುಲ್ಲಿನ ತುಣುಕುಗಳು ಗೋಡೆಯ ಮೇಲೆ ಎದ್ದು ಕಾಣುತ್ತವೆ. ಹೊನ್ನಾಳಿ, ನ್ಯಾಮತಿ ಕಡೆಯ ಹಳೆಯ ಮಣ್ಣಿನ ಮನೆಗಳನ್ನು ಬಲ್ಲವರಿಗೆ ಇಲ್ಲಿ ಒಂದು ಸಂಗತಿ ಹೊಳೆಯಬೇಕು. ನಮ್ಮಲ್ಲಿಯೂ ಗೋಡೆಯ ಮಣ್ಣಿಗೆ ಹುಲ್ಲು ಬೆರೆಸಿ ತುಳಿಯುವುದುಂಟು. ಆದರೆ ಬಡವನಾದವನು ಆ ಹುಲ್ಲನ್ನು ಕಾಣಗೊಡುವುದಿಲ್ಲ. ಸಾರಣೆ ಮಾಡಿ, ಹಬ್ಬ ಬಂತೆಂದರೆ ಸುಣ್ಣ ಬಳಿದು, ಕೆಮ್ಮಣ್ಣಿನ ಅಂಚು ಎಳೆಯುತ್ತಾನೆ. ಒರಟು ಗೋಡೆಯನ್ನು ಒರಟಾಗಿಯೇ ಬಿಡುವುದು ಬೇರೆ ಗೋಡೆ ಕಟ್ಟಬಲ್ಲವನ ಆಯ್ಕೆ. ರಿಕ್ಯೂನ ಬಡತನ ಆಯ್ದ ಬಡತನ, ಅದರಲ್ಲಿ ಬಡವರಿಲ್ಲ. ಇದನ್ನು ಹೇಳಿದ ಮಾತ್ರಕ್ಕೆ ಕೋಣೆಯ ಸೌಂದರ್ಯ ಕುಂದುವುದಿಲ್ಲ, ಆದರೆ ಅದನ್ನು ಕುರಿತ ನಮ್ಮ ಮಾತು ತುಸು ಎಚ್ಚರ ಪಡೆಯುತ್ತದೆ.

ಅತಿಥಿ ಒಳಬರುವ ಬಾಗಿಲು ನಿಜಿರಿಗುಚಿ. ತಾಯಿಆನ್‌ನಲ್ಲಿ ಅದರ ಎತ್ತರ ಎರಡೂವರೆ ಅಡಿಗಿಂತ ಸ್ವಲ್ಪ ಹೆಚ್ಚು. ಮುಂದಿನ ಕಾಲದ ಕೋಣೆಗಳಲ್ಲಿ ಇನ್ನೂ ಕಿರಿದಾಯಿತು. ಮೊಣಕಾಲೂರಿ, ತಲೆ ತಗ್ಗಿಸಿ, ಕೈಗಳ ಮೇಲೆ ಭಾರ ಹಾಕಿ ತೆವಳಿಯೇ ಒಳಸೇರಬೇಕು. ಸೊಂಟದಲ್ಲಿ ಉದ್ದನೆಯ ಖಡ್ಗವಿದ್ದವನಿಗೆ ಅದು ಅಸಾಧ್ಯ. ಖಡ್ಗ ಹೊರಗೇ ಉಳಿಯುತ್ತದೆ. ನದಿಯ ದೋಣಿಯೊಂದರ ಕಿರುಬಾಗಿಲಿನಲ್ಲಿ ಜನ ನುಸುಳುವುದನ್ನು ಕಂಡು ರಿಕ್ಯೂ ಇದನ್ನು ರೂಪಿಸಿದನೆಂದು ಐತಿಹ್ಯ. ಬಾಗಿ ಒಳಸೇರುವ ಗುಡಿಸಲು ನಮಗೆ ಅಪರಿಚಿತವಲ್ಲ. ಜಗಳೂರಿನ ನೆರೆಯ ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯಲ್ಲಿ ಕಾಡುಗೊಲ್ಲರು ಕ್ಯಾತೇದೇವರ ಜಾತ್ರೆಗೆಂದು ಮುಳ್ಳಿನ ಗುಡಿಯನ್ನು ಹೊಸದಾಗಿ ಕಟ್ಟುತ್ತಾರೆ. ಬರಿಗಾಲಿನಲ್ಲಿ ಆ ಮುಳ್ಳನ್ನೇರಿ ಕಳಸ ಇಳಿಸುವುದು ಅಲ್ಲಿಯ ಆಚರಣೆ. ಕಲ್ಲಿನ ಗುಡಿಗೆ ಎದುರಾಗಿ ನಿಲ್ಲುವ, ಬಾಳಿಕೆ ಬರದಿರುವುದನ್ನೇ ಪಾವಿತ್ರ್ಯವಾಗಿಸಿಕೊಂಡ ವಾಸ್ತು ಅದು. ಆದರೆ ಅಲ್ಲಿ ಮೈ ಬಾಗುವುದು ದೈವಕ್ಕೆ. ಚಹಾಕೋಣೆಯೊಳಗೆ ದೈವವಿಲ್ಲ. ಕುದಿಯುವ ನೀರು, ಒಂದು ಹೂವು, ಎದುರಿಗೆ ಇನ್ನೊಬ್ಬ ಮನುಷ್ಯ, ಇಷ್ಟೇ.

ಆ ಮನುಷ್ಯ ಪರಿಚಾರಕನಲ್ಲ. ಆತಿಥೇಯನೇ ಅತಿಥಿಯ ಕಣ್ಣೆದುರು, ಕೈಯಳತೆಯ ದೂರದಲ್ಲಿ ಕುಳಿತು ಚಹಾ ಕದಡುತ್ತಾನೆ. ಹಿಂದಿನ ಹಜಾರಗಳಲ್ಲಿದ್ದ ಮೇಲು-ಕೀಳಿನ ಆಸನಕ್ರಮಕ್ಕೆ ಎರಡು ಚಾಪೆಯಲ್ಲಿ ಜಾಗವೇ ಇಲ್ಲ. ಗಟ್ಟಿ ಚಹಾದ ಒಂದೇ ಬಟ್ಟಲನ್ನು ಅತಿಥಿಗಳೆಲ್ಲ ಒಬ್ಬರ ನಂತರ ಒಬ್ಬರು ಬಾಯಿಗಿಟ್ಟು ಕುಡಿಯುವ ಪದ್ಧತಿ ನೆಲೆಗೊಂಡದ್ದು ರಿಕ್ಯೂನ ಕಾಲದಲ್ಲೇ. ಎಂಜಲಿನ ಕಲ್ಪನೆಯ ಮೇಲೆ ಇಡೀ ಸಾಮಾಜಿಕ ಶ್ರೇಣಿಯನ್ನು ನಿಲ್ಲಿಸಿದ ಸಮಾಜದಿಂದ ನೋಡುವವರಿಗೆ ಈ ಬಟ್ಟಲು ಬಾಗಿಲಿಗಿಂತ ದೊಡ್ಡ ಸಂಗತಿಯಾಗಿ ತೋರಬೇಕು. ಸಹಪಂಕ್ತಿಗೂ ಸಹಪಾತ್ರೆಗೂ ಅಂತರವಿದೆ. ಆ ಬಟ್ಟಲುಗಳನ್ನು ಆತ ಮಾಡಿಸಿದ್ದು ಚೊಜಿರೊ ಎಂಬ ಹೆಂಚುಗಾರನಿಂದ. ತಿಗರಿಯಿಲ್ಲದೆ ಕೈಯಿಂದಲೇ ಮಾಡಿದ, ಕಪ್ಪು ಅಥವಾ ಕೆಂಪು ಬಣ್ಣದ ಬಟ್ಟಲುಗಳು. ಚೀನಾದ ಹಳೆಯ ಪಾತ್ರೆಗಳಿಗೆ ಸಲ್ಲುತ್ತಿದ್ದ ಗೌರವ ಸ್ಥಳೀಯ ಕುಂಬಾರನ ಕೈಗೆ ಸಂದಿತು. ಬೆಲೆಯೂ ಸಂದಿತು. ರಿಕ್ಯೂ ಮೆಚ್ಚಿದ ವಸ್ತುವಿನ ದರ ಏರುತ್ತಿತ್ತು. ಆತನ ಮೇಲೆ ಮುಂದೆ ಬಂದ ಆರೋಪಗಳಲ್ಲಿ ಇದೂ ಒಂದಾಯಿತು.

ಹಿದೆಯೊಶಿಯ ಆಳ್ವಿಕೆಯಲ್ಲಿ ಆತನ ಸ್ಥಾನ ಚಹಾ ಉಸ್ತುವಾರಿಗಿಂತ ಬಹಳ ಮೇಲಿನದು. 1586ರಲ್ಲಿ ಒಸಾಕಕ್ಕೆ ಬಂದ ಸಾಮಂತ ಒತೊಮೊ ಸೊರಿನ್ ಊರಿಗೆ ಬರೆದ ಪತ್ರದಿಂದ ತಿಳಿಯುವಂತೆ, ರಾಜ್ಯದ ಬಹಿರಂಗ ವ್ಯವಹಾರಗಳಿಗೆ ದೊರೆಯ ತಮ್ಮ ಹಿದೆನಾಗನನ್ನೂ ಒಳಗಿನ ವಿಷಯಗಳಿಗೆ ಸೊಎಕಿಯನ್ನೂ ಕಾಣಬೇಕಿತ್ತು. ಇದಕ್ಕೂ ಮುಂಚೆ, 1585ರಲ್ಲಿ, ಚಕ್ರವರ್ತಿ ಒಗಿಮಚಿಗೆ ಅರಮನೆಯಲ್ಲಿ ಹಿದೆಯೊಶಿ ಚಹಾ ಸಮರ್ಪಿಸಿದಾಗ ನೆರವಾಗಲು ವರ್ತಕನೊಬ್ಬ ಒಳಹೋಗುವಂತಿರಲಿಲ್ಲ. ಅದಕ್ಕಾಗಿ ಚಕ್ರವರ್ತಿಯಿಂದ ರಿಕ್ಯೂ ಎಂಬ ಬಿರುದನ್ನು ಕೊಡಿಸಲಾಯಿತು. ಜಗತ್ತು ಬಲ್ಲ ಆ ಹೆಸರು ಆತನಿಗೆ ಬಂದದ್ದು ಅರವತ್ತು ದಾಟಿದ ಮೇಲೆ, ಅರಮನೆಯ ಹೊಸ್ತಿಲು ದಾಟುವುದಕ್ಕಾಗಿ.

ಮರುವರ್ಷ ಅದೇ ಅರಮನೆಯಲ್ಲಿ ಹಿದೆಯೊಶಿ ಚಿನ್ನದ ಚಹಾಕೋಣೆಯನ್ನು ಹೂಡಿದ. ಮೂರು ಚಾಪೆಯ, ಬಿಚ್ಚಿ ಸಾಗಿಸಿ ಮತ್ತೆ ಜೋಡಿಸಬಹುದಾದ ಆ ಕೋಣೆಯ ಗೋಡೆ, ಕಂಬ, ಚಾವಣಿ, ಪಾತ್ರೆ ಎಲ್ಲವೂ ಚಿನ್ನದ ಹೊದಿಕೆಯವು. ಇದನ್ನು ರಿಕ್ಯೂನ ರುಚಿಗೆ ಎಸಗಿದ ಅಪಚಾರವೆಂದು ಬಣ್ಣಿಸುವುದು ರೂಢಿ. ಆದರೆ ದೊರೆಯ ಚಹಾ ಮುಖ್ಯಸ್ಥನಾಗಿದ್ದವನಿಗೆ ಇದರಲ್ಲಿ ಕೈಯಿರಲಿಲ್ಲವೆಂದು ನಂಬುವುದು ಕಷ್ಟ. ಅಳತೆಯನ್ನು ನೋಡಿದರೆ ಎರಡೂ ಕಿರುಕೋಣೆಗಳೇ. ಕಿರಿದಾಗುವುದು ತನ್ನಷ್ಟಕ್ಕೇ ಪ್ರತಿರೋಧವಲ್ಲ ಎಂಬುದನ್ನು ಚಿನ್ನದ ಕೋಣೆ ತೋರಿಸಿಕೊಡುತ್ತದೆ.

ಅದೇ ಶತಮಾನದಲ್ಲಿ ನಮ್ಮ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪಾಳೆಯಗಾರ ಕೆಂಗ ಹನುಮಪ್ಪನಾಯಕ ಪುಷ್ಕರಣಿಯನ್ನೂ ಅದರ ನೀರಿನ ನಡುವೆ ವಸಂತ ಮಂಟಪವನ್ನೂ ಕಟ್ಟಿಸಿದ. 1565ರ ರಕ್ಕಸತಂಗಡಿ ಕದನದ ಆಸುಪಾಸಿನಲ್ಲಿ ಕನ್ನಡ ನಾಡಿನ ಸಾಮಂತರೂ ಜಪಾನಿನ ಸಾಮಂತರಂತೆಯೇ ತಮ್ಮ ನೆಲೆಯನ್ನು ಕಲ್ಲಿನಲ್ಲಿ ಬರೆಯುತ್ತಿದ್ದರು. ವಸಂತ ಮಂಟಪವೂ ದೊಡ್ಡದಲ್ಲ. ಆದರೆ ಅದು ನಾಲ್ಕೂ ದಿಕ್ಕಿಗೆ ತೆರೆದುಕೊಂಡು, ಸುತ್ತಲಿನ ಮೆಟ್ಟಿಲುಗಳ ಮೇಲಿನ ಕಣ್ಣುಗಳಿಗಾಗಿ ನಿಂತಿದೆ. ನೀರಿನಲ್ಲಿ ತನ್ನನ್ನೇ ಎರಡಾಗಿಸಿ ತೋರುತ್ತದೆ. ಚಿನ್ನದ ಕೋಣೆ ಈ ಬಗೆಗೆ ಸೇರಿದ್ದು. ತಾಯಿಆನ್ ಹೊರಗಿನವರಿಗೆ ಏನನ್ನೂ ತೋರಿಸುವುದಿಲ್ಲ. ಅದರೊಳಗೆ ಯಾರು ಕುಳಿತರು, ಯಾರೊಡನೆ ಏನು ಮಾತಾಯಿತು ಎಂಬುದು ದೊರೆಗೂ ಕಾಣದು. ಕಿರಿದಾಗಿರುವುದಕ್ಕಿಂತ ಮುಚ್ಚಿಕೊಂಡಿರುವುದೇ ಅದರ ಅಪಾಯವಾಗಿತ್ತು ಎಂದು ಈ ಲೇಖನ ಭಾವಿಸುತ್ತದೆ.

1587ರಲ್ಲಿ, ಅಲ್ಲಿಯ ಪಂಚಾಂಗದ ಹತ್ತನೆಯ ತಿಂಗಳ ಮೊದಲ ದಿನ, ಕ್ಯೋಟೋದ ಕಿತನೊ ದೇವಾಲಯದ ಆವರಣದಲ್ಲಿ ಹಿದೆಯೊಶಿ ಮಹಾ ಚಹಾಕೂಟವನ್ನು ನಡೆಸಿದ. ವರ್ತಕರು, ರೈತರು, ಆಳುಗಳು ಯಾರು ಬೇಕಾದರೂ ಒಂದು ಕೆಟಲ್, ಒಂದು ಬಟ್ಟಲು ಹಿಡಿದು ಬರಬಹುದೆಂದು, ಚಹಾ ಇಲ್ಲದವರು ಹುರಿಹಿಟ್ಟು ಕದಡಿದರೂ ಸರಿಯೆಂದು ಡಂಗುರವಾಯಿತು. ಬಾರದವರು ಮುಂದೆ ಚಹಾ ಮಾಡಬಾರದೆಂಬ ಎಚ್ಚರಿಕೆಯೂ ಇತ್ತು. ನೂರಾರು ಗುಡಿಸಲುಗಳೆದ್ದವು; ನಡುವೆ ಚಿನ್ನದ ಕೋಣೆ. ಹತ್ತು ದಿನವೆಂದು ಸಾರಿದ್ದ ಕೂಟ ಒಂದೇ ದಿನಕ್ಕೆ ಮುಗಿಯಿತು. ಮರುವರ್ಷ, 1588ರಲ್ಲಿ, ಅದೇ ದೊರೆ ರೈತರ ಕೈಯಿಂದ ಆಯುಧಗಳನ್ನೆಲ್ಲ ಕಿತ್ತುಕೊಳ್ಳುವ ಆಜ್ಞೆ ಹೊರಡಿಸಿದ; 1591ರಲ್ಲಿ ಯೋಧ, ರೈತ, ವರ್ತಕರು ತಮ್ಮ ತಮ್ಮ ವೃತ್ತಿ ಬದಲಿಸದಂತೆ ಕಟ್ಟಳೆ ಬಂತು. ಖಡ್ಗ ಹೊರಗಿಡುವ ಬಾಗಿಲು ಒಂದೆಡೆ, ಖಡ್ಗವನ್ನು ಒಂದೇ ವರ್ಗಕ್ಕೆ ಮೀಸಲಾಗಿಸುವ ಆಜ್ಞೆ ಇನ್ನೊಂದೆಡೆ. ಇವೆರಡೂ ಒಂದೇ ದಶಕದ, ಒಂದೇ ಆಸ್ಥಾನದ ಕೃತಿಗಳು.

ಪತನ ವೇಗವಾಗಿ ಬಂತು. 1590ರ ಒದವಾರ ಮುತ್ತಿಗೆಯ ಕಾಲದಲ್ಲಿ ಶಿಷ್ಯ ಸೊಜಿ ದೊರೆಯ ಕೋಪಕ್ಕೆ ಗುರಿಯಾಗಿ, ಕಿವಿ ಮೂಗು ಕತ್ತರಿಸಿಕೊಂಡು ಸತ್ತ. 1591ರ ಮೊದಲ ತಿಂಗಳಲ್ಲಿ ಆಸರೆಯಾಗಿದ್ದ ಹಿದೆನಾಗ ತೀರಿಕೊಂಡ. ಮರುತಿಂಗಳೇ ಆರೋಪ ಎದ್ದಿತು. ದೈತೊಕುಜಿ ಮಠದ ಹೆಬ್ಬಾಗಿಲಿಗೆ 1589ರಲ್ಲಿ ರಿಕ್ಯೂ ತನ್ನ ಹಣದಿಂದ ಮೇಲಂತಸ್ತು ಕಟ್ಟಿಸಿದ್ದ. ಕೃತಜ್ಞತೆಯಿಂದ ಮಠದವರು ಅಲ್ಲಿ ಆತನ ಮರದ ಪ್ರತಿಮೆಯನ್ನಿಟ್ಟಿದ್ದರು. ಪಾದರಕ್ಷೆ ತೊಟ್ಟ ಆ ಪ್ರತಿಮೆಯ ಕಾಲಡಿಯಲ್ಲಿ ದೊರೆ ಹಾದುಹೋಗಬೇಕಾಯಿತೆಂಬುದೇ ಅಪರಾಧ. ಇದರೊಂದಿಗೆ ಚಹಾಪಾತ್ರೆಗಳ ದರದಲ್ಲಿ ಮೋಸ ಮಾಡಿದನೆಂಬ ದೂರು. ಮಗಳನ್ನು ದೊರೆಗೆ ಒಪ್ಪಿಸಲಿಲ್ಲ, ಕೊರಿಯಾ ದಂಡಯಾತ್ರೆಯನ್ನು ಒಪ್ಪಲಿಲ್ಲ ಎಂಬ ಕಾರಣಗಳನ್ನೂ ಹೇಳುತ್ತಾರೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಎಲ್ಲರ ಕಣ್ಣೆದುರಿಗಿದ್ದ ಪ್ರತಿಮೆ ಹಿದೆನಾಗನ ಸಾವಿನ ಬೆನ್ನಿಗೇ ಅಪರಾಧವಾದದ್ದನ್ನು ಗಮನಿಸಿದರೆ, ಆಸ್ಥಾನದ ಬಣಗಳ ಮೇಲಾಟವೇ ಹೆಚ್ಚು ನಂಬಲರ್ಹ ಕಾರಣ. ಆದರೂ ದೊರೆ ಹುಡುಕಿ ತೆಗೆದ ನೆಪವನ್ನು ಗಮನಿಸಬೇಕು. ಎಲ್ಲರನ್ನೂ ಬಾಗಿ ಒಳಬರುವಂತೆ ಮಾಡಿದವನ ಮೇಲೆ ಬಂದ ಆರೋಪ, ತನ್ನ ಕಾಲಡಿಯಲ್ಲಿ ದೊರೆಯನ್ನು ನಡೆಸಿದ ಎಂಬುದು. ಎರಡೂ ಬಾಗಿಲಿನ ಪ್ರಶ್ನೆಗಳೇ.

ರಿಕ್ಯೂನನ್ನು ಸಕಾಯಿಗೆ ಗಡೀಪಾರು ಮಾಡಲಾಯಿತು. ಯೊದೊ ನದಿಯ ದಡಕ್ಕೆ ಬಂದು ಬೀಳ್ಕೊಟ್ಟವರು ಶಿಷ್ಯರಾದ ಫುರುತ ಒರಿಬೆ ಮತ್ತು ಹೊಸೊಕಾವ ತದಾಒಕಿ. ಪ್ರತಿಮೆಯನ್ನು ಕೆಳಗಿಳಿಸಿ ಕ್ಯೋಟೋದ ಮೊದೊರಿಬಶಿ ಸೇತುವೆಯ ಬಳಿ ಶೂಲದ ಕಂಬಕ್ಕೆ ಕಟ್ಟಿದರು. ಮನುಷ್ಯನಿಗೂ ಮುಂಚೆ ಮರಕ್ಕೆ ಶಿಕ್ಷೆಯಾಯಿತು. ಕೆಲದಿನಗಳಲ್ಲೇ ಆತನನ್ನು ಕ್ಯೋಟೋಕ್ಕೆ ಮರಳಿ ಕರೆಸಲಾಯಿತು. ಎರಡನೆಯ ತಿಂಗಳ 28ರಂದು, ಇಂದಿನ ಲೆಕ್ಕದಲ್ಲಿ 1591ರ ಏಪ್ರಿಲ್ 21ರಂದು, ಮೂರು ಸಾವಿರ ಸೈನಿಕರು ಮನೆಯನ್ನು ಸುತ್ತುವರಿದಿದ್ದಾಗ, ಎಪ್ಪತ್ತನೆಯ ವಯಸ್ಸಿನಲ್ಲಿ ರಿಕ್ಯೂ ಹೊಟ್ಟೆ ಸೀಳಿಕೊಂಡು ಪ್ರಾಣಬಿಟ್ಟ. ತಲೆಯನ್ನು ಅದೇ ಸೇತುವೆಯ ಬಳಿ, ಪ್ರತಿಮೆಯ ಕಾಲ ಕೆಳಗೆ ಇಟ್ಟರು. ವರ್ತಕನಾಗಿ ಹುಟ್ಟಿದವನಿಗೆ ದೊರೆತದ್ದು ಸಮುರಾಯಿಗೆ ಮೀಸಲಾದ ಸಾವು.

ಮುಂದೆ ಆಸ್ಥಾನದ ಚಹಾವನ್ನು ನಡೆಸಿದ ಒರಿಬೆ ಕೋಣೆಗಳನ್ನು ಹಿಗ್ಗಿಸಿ, ಕಿಟಕಿಗಳನ್ನು ಹೆಚ್ಚಿಸಿ, ಗಣ್ಯ ಅತಿಥಿಗೂ ಆತನ ಅನುಚರರಿಗೂ ಬೇರೆ ಬೇರೆ ಜಾಗ ಮಾಡಿದ. ಆತನಿಗೂ 1615ರಲ್ಲಿ ಗುರುವಿನದೇ ಗತಿಯಾಯಿತು. ಸೆನ್ ಮನೆತನಕ್ಕೆ ಕೆಲವು ವರ್ಷಗಳ ನಂತರ ಕ್ಷಮೆ ದೊರೆತು, ಮೊಮ್ಮಗ ಸೊತಾನ್ ಕ್ಯೋಟೋದಲ್ಲಿ ಅದನ್ನು ಮತ್ತೆ ನಿಲ್ಲಿಸಿದ. ಆತ ಜೀವನವಿಡೀ ಯಾವ ದೊರೆಯ ಸೇವೆಗೂ ಸೇರಲಿಲ್ಲ. ಮುಪ್ಪಿನಲ್ಲಿ ತನಗಾಗಿ ಕಟ್ಟಿಕೊಂಡ ಕೊನ್ನಿಚಿಆನ್ ಕೋಣೆಯಲ್ಲಿ ಇದ್ದದ್ದು ಒಂದೂಮುಕ್ಕಾಲು ಚಾಪೆ. ಇಂದಿನ ಮೂರು ಸೆನ್ ಪರಂಪರೆಗಳು ಆತನ ಮೂವರು ಮಕ್ಕಳಿಂದ ಬಂದವು. ಮಕ್ಕಳಿಗೆ ಸಾಮಂತ ಮನೆತನಗಳಲ್ಲಿ ಕೆಲಸ ಕೊಡಿಸಲು ಸೊತಾನ್ ಪ್ರಯತ್ನಿಸಿದ.